ಕಾಲಮಿತಿ ಆಟಕ್ಕೆ ಪೂರ್ತಿ ಟಿಕೆಟ್ಟೇ?

ಜಪಾನಿನ ಸೆಗಾ ಕಂಪನಿ 2026ರ ಫೆಬ್ರವರಿ 12ರ ಬಿಡುಗಡೆಗೆಂದು ಘೋಷಿಸಿದ ವಿಡಿಯೊ ಗೇಮಿನ ಹೆಸರೇ ಹಲವರನ್ನು ಗಲಿಬಿಲಿಗೊಳಿಸಿತು. ‘ಯಾಕುಜಾ ಕಿವಾಮಿ 3 ಆ್ಯಂಡ್ ಡಾರ್ಕ್ ಟೈಸ್’ ಎಂಬ ಆ ಹೆಸರಿನೊಳಗೆ ಎರಡು ಆಟಗಳಿವೆ. ಒಂದು, ಯಾಕುಜಾ ಸರಣಿಯಲ್ಲಿ 2009ರಲ್ಲಿ ಬಂದಿದ್ದ ಮೂರನೆಯ ಕಂತನ್ನು ಹೊಸದಾಗಿ ಕಟ್ಟಿದ್ದು. ಇನ್ನೊಂದು, ಅದೇ ಕಂತಿನ ಎದುರಾಳಿ ಯೋಶಿತಾಕಾ ಮಿನೆ ಎಂಬಾತ ಭೂಗತ ಲೋಕಕ್ಕೆ ಬಂದ ಬಗೆಯನ್ನು ಹೇಳುವ ಚಿಕ್ಕ ಆಟ. ಇದೇ ಸರಣಿಯ ಚಿಕ್ಕ ಆಟವೊಂದು 2023ರಲ್ಲಿ ಒಂಟಿಯಾಗಿ 50 ಡಾಲರಿಗೆ ಮಾರಾಟವಾಗಿತ್ತು. 2025ರಲ್ಲಿ ಬಂದ ಇನ್ನೊಂದರ ಬೆಲೆ 60 ಡಾಲರ್ ಆಯಿತು. ಈ ಬಾರಿಯದು ದೊಡ್ಡ ಆಟದ ಬೆನ್ನಿಗೆ ಅಂಟಿಕೊಂಡೇ ಬರುತ್ತದೆ.

ಶಿವಮೊಗ್ಗದ ವಿನೋಬನಗರ, ಗೋಪಾಳದ ಬಾಡಿಗೆ ಕೋಣೆಗಳಲ್ಲಿ ಒಂದೇ ಕಂಪ್ಯೂಟರನ್ನು ಮೂವರು ಹಂಚಿಕೊಂಡು ಆಡುವ ವಿದ್ಯಾರ್ಥಿಗಳಿಂದ ಹಿಡಿದು, ತೀರ್ಥಹಳ್ಳಿ, ಹೊಸನಗರದ ಕಡೆಯ ತೋಟದ ಮನೆಯಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡುತ್ತ ರಾತ್ರಿ ಎರಡು ತಾಸು ಆಡುವವರವರೆಗೆ, ಈ ಸರಣಿಯನ್ನು ಬಲ್ಲವರು ಕೇಳುವ ಪ್ರಶ್ನೆ ಒಂದೇ: ಚಿಕ್ಕ ಕಥೆಗೆ ಎಷ್ಟು ಕೊಟ್ಟರೆ ನ್ಯಾಯ? ಇದಕ್ಕೆ ಉತ್ತರ ಹುಡುಕಬೇಕಾದರೆ 2023ರ ಆ ಚಿಕ್ಕ ಆಟಕ್ಕೆ ಮರಳಬೇಕು. ಅದರ ಬಗ್ಗೆ ಆಟಗಾರರು ಹೊಗಳಿದ್ದು, ಬೈದದ್ದು ಎರಡರಲ್ಲೂ ಈಗಿನ ಗೊಂದಲದ ಬೇರುಗಳಿವೆ.

ಸತ್ತವನೆಂದು ಹೆಸರಾದವನ ಕಥೆ

ಜಪಾನಿನ ಸಂಘಟಿತ ಅಪರಾಧ ಗುಂಪುಗಳಿಗೆ ಯಾಕುಜಾ ಎಂದು ಹೆಸರು. ಆ ಹೆಸರಿನಲ್ಲೇ ಹೊರಜಗತ್ತಿಗೆ ಪರಿಚಯವಾದ ಈ ಸರಣಿಯ ಮೊದಲ ಆಟ 2005ರ ಡಿಸೆಂಬರಿನಲ್ಲಿ ಪ್ಲೇಸ್ಟೇಷನ್ 2 ಎಂಬ ಗೇಮ್ ಯಂತ್ರಕ್ಕೆ ಬಂದಿತು. ಕಝುಮಾ ಕಿರ್ಯು ಎಂಬ ಗುಂಪುಗಾರ ಅದರ ನಾಯಕ. ಟೋಕಿಯೊದ ಕಾಬುಕಿಚೋ ಬಡಾವಣೆಯನ್ನು ಹೋಲುವ ಕಾಮುರೋಚೋ ಎಂಬ ಕಲ್ಪಿತ ಬೀದಿಗಳು ಅದರ ರಂಗ. ಬೀದಿ ಜಗಳ, ದೀರ್ಘ ಸಂಭಾಷಣೆ, ಅದರ ಮಧ್ಯೆ ಕರೋಕೆ ಹಾಡುವುದು, ಪುಟ್ಟ ಕಾರು ಓಡಿಸುವುದು: ಗಂಭೀರವೂ ತಮಾಷೆಯೂ ಒಂದೇ ಎಲೆಯಲ್ಲಿ ಬಡಿಸಿದಂತಿರುವ ಈ ಹದಕ್ಕೆ ಜನ ಒಗ್ಗಿಕೊಂಡರು. 2016ರಲ್ಲಿ ಜಪಾನಿನಲ್ಲಿ ಬಂದ ಆರನೆಯ ಕಂತಿನ ಕೊನೆಗೆ ಕಿರ್ಯು ತಾನು ಸತ್ತನೆಂದು ಲೋಕವನ್ನು ನಂಬಿಸಿ, ತಾನು ಸಾಕಿದ ಅನಾಥ ಮಕ್ಕಳಿಂದಲೂ ದೂರವಾದ. 2020ರಲ್ಲಿ ಇಚಿಬಾನ್ ಕಸುಗಾ ಎಂಬ ಹೊಸ ನಾಯಕ ಬಂದ. ಹೊಡೆದಾಟ ಹೋಗಿ ಸರದಿಯ ಮೇಲೆ ಆಡುವ ಪದ್ಧತಿ ಬಂತು. 2022ರಲ್ಲಿ ಹೊರದೇಶಗಳಲ್ಲೂ ಸರಣಿಯ ಹೆಸರು ‘ಲೈಕ್ ಎ ಡ್ರ್ಯಾಗನ್’ ಎಂದಾಯಿತು.

ಸತ್ತವನೆಂದು ಹೆಸರಾದ ಕಿರ್ಯು 2020ರ ಆಟದಲ್ಲಿ ಸ್ವಲ್ಪ ಹೊತ್ತು ಕಾಣಿಸಿಕೊಂಡು ಮರೆಯಾಗುತ್ತಾನೆ. 2024ರ ಜನವರಿ 26ಕ್ಕೆ ಬರಬೇಕಿದ್ದ ‘ಇನ್ಫಿನಿಟ್ ವೆಲ್ತ್’ ಆಟದಲ್ಲಿ ಅವನೇ ಇಬ್ಬರು ನಾಯಕರಲ್ಲಿ ಒಬ್ಬ. ನಡುವಿನ ವರ್ಷಗಳಲ್ಲಿ ಅವನು ಎಲ್ಲಿದ್ದ, ಯಾರ ಕೈಕೆಳಗಿದ್ದ ಎಂಬುದನ್ನು ಯಾರಾದರೂ ಹೇಳಬೇಕಿತ್ತು. ಅದನ್ನು ಹೇಳಲೆಂದೇ 2023ರ ನವೆಂಬರ್ 9ರಂದು ‘ಲೈಕ್ ಎ ಡ್ರ್ಯಾಗನ್ ಗೈಡೆನ್: ದ ಮ್ಯಾನ್ ಹೂ ಇರೇಸ್ಡ್ ಹಿಸ್ ನೇಮ್’ ಬಂತು. ಗೈಡೆನ್ ಎಂದರೆ ಜಪಾನಿ ಭಾಷೆಯಲ್ಲಿ ಉಪಕಥೆ. ದೈದೋಜಿ ಎಂಬ ಗುಪ್ತ ಬಣದ ಹಂಗಿನಲ್ಲಿ ‘ಜೋರ್ಯು’ ಎಂಬ ಸುಳ್ಳು ಹೆಸರಿನಿಂದ ಕೆಲಸ ಮಾಡುವ ಕಿರ್ಯು, 2020ರ ಆಟದಲ್ಲಿ ನಾವು ದೂರದಿಂದ ನೋಡಿದ ಘಟನೆಯನ್ನೇ ಈ ಬಾರಿ ಒಳಗಿನಿಂದ ತೋರಿಸುತ್ತಾನೆ. ಒಟ್ಟು ಐದು ಅಧ್ಯಾಯ. ಕಥೆಯನ್ನಷ್ಟೇ ಹಿಡಿದು ಹೋದರೆ ಸುಮಾರು 12 ಗಂಟೆಯಲ್ಲಿ ಮುಗಿಯುತ್ತದೆ.

ಆರು ತಿಂಗಳಲ್ಲಿ ಆಟ ಕಟ್ಟಿದ್ದು ಹೇಗೆ

ಇದನ್ನು ಕಟ್ಟಿದ ರ್ಯು ಗ ಗೊತೊಕು ಸ್ಟುಡಿಯೊದವರು ಸಂದರ್ಶನಗಳಲ್ಲಿ ಹೇಳಿಕೊಂಡಂತೆ, ಈ ಆಟಕ್ಕೆ ಹಿಡಿದದ್ದು ಸುಮಾರು ಆರು ತಿಂಗಳು. ಇಂದಿನ ದೊಡ್ಡ ಆಟಗಳಿಗೆ ನಾಲ್ಕೈದು ವರ್ಷ ಹಿಡಿಯುವುದು ಮಾಮೂಲಾಗಿರುವಾಗ ಇದು ನಂಬಲು ಕಷ್ಟವಾದ ಮಾತು. ಆದರೆ ಗುಟ್ಟೇನೂ ಇಲ್ಲ: ಊರು ಮೊದಲೇ ಇತ್ತು. ಕಥೆ ನಡೆಯುವ ಸೋಟೆನ್‌ಬೋರಿ, ಒಸಾಕಾದ ಡೋಟೊನ್‌ಬೋರಿ ಕಾಲುವೆ ಬದಿಯ ಪೇಟೆಯ ಪ್ರತಿರೂಪ. ಅದು 2006ರ ಎರಡನೆಯ ಕಂತಿನಿಂದಲೂ ಮತ್ತೆಮತ್ತೆ ಬಳಕೆಯಾಗುತ್ತಲೇ ಬಂದ ಜಾಗ. ಕರೋಕೆಯ ಕೋಣೆ, ಪುಟ್ಟ ಕಾರುಗಳ ಪಂದ್ಯ, ಸೆಗಾದ್ದೇ ಹಳೆಯ ಆಟಗಳಿರುವ ಅಂಗಡಿ, ನಾಯಕನ ನಡಿಗೆ, ಧ್ವನಿ ಎಲ್ಲವೂ ಕೈಯಲ್ಲಿದ್ದವು. ಹೊಸದಾಗಿ ಬೇಕಾದದ್ದು ಮುಖ್ಯವಾಗಿ ಕಥೆ, ಹಡಗಿನ ಮೇಲೆ ಕಟ್ಟಿದ ‘ಕ್ಯಾಸಲ್’ ಎಂಬ ಜೂಜು ಮತ್ತು ಕಾಳಗದ ಕೋಟೆ, ಹೊಡೆದಾಟದ ಒಂದು ಹೊಸ ವರಸೆ.

ಹಳೆಯ ಸಾಮಾನು ಬಳಸಿದ್ದಾರೆ ಎಂಬ ದೂರು ಈ ಸರಣಿಯ ಅಭಿಮಾನಿಗಳ ಬಾಯಲ್ಲಿ ಕೇಳುವುದು ಅಪರೂಪ. ಅದೇ ಬೀದಿಗೆ ಹಲವು ವರ್ಷಗಳ ನಂತರ ಮರಳಿ, ಯಾವ ಅಂಗಡಿ ಉಳಿದಿದೆ, ಯಾವುದು ಬದಲಾಗಿದೆ ಎಂದು ನೋಡುವುದೇ ಅವರಿಗೆ ಸುಖ. ಊರ ಜಾತ್ರೆಗೆ ವರ್ಷಕ್ಕೊಮ್ಮೆ ಹೋಗುವವರು ಅದೇ ಪೇಟೆ ಬೀದಿ ಎಂದು ಬೇಸರಪಡುವುದಿಲ್ಲವಷ್ಟೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ: ನಿರ್ಮಾಪಕರಿಗೆ ಖರ್ಚು ಉಳಿಸುವ ಈ ಉಪಾಯ ಹಳಬರಿಗೆ ಮಾತ್ರ ಸುಖ ಕೊಡುತ್ತದೆ. ಮೊದಲ ಬಾರಿಗೆ ಸೋಟೆನ್‌ಬೋರಿಗೆ ಕಾಲಿಟ್ಟವರಿಗೆ ಅದೊಂದು ಚಿಕ್ಕ ನಕ್ಷೆ, ಅಷ್ಟೇ.

ಹೊಗಳಿದ್ದು, ಬೈದದ್ದು

ಆಟಗಾರರು ಹೆಚ್ಚು ಮೆಚ್ಚಿದ್ದು ಹೊಡೆದಾಟ ಮರಳಿ ಬಂದದ್ದನ್ನು. ಇಲ್ಲಿ ಎರಡು ವರಸೆಗಳಿವೆ. ‘ಯಾಕುಜಾ’ ವರಸೆ ಹಳೆಯ ಕಿರ್ಯುವಿನದು: ನಿಧಾನ, ಭಾರ, ಕೈಗೆ ಸಿಕ್ಕಿದ ಸೈಕಲ್ ಎತ್ತಿ ಬಡಿಯುವ ಬಗೆ. ‘ಏಜೆಂಟ್’ ವರಸೆ ಗೂಢಚಾರನದು: ಕೈಗಡಿಯಾರದಿಂದ ಚಿಮ್ಮುವ ತಂತಿ ನಾಲ್ಕಾರು ಜನರನ್ನು ಒಟ್ಟಿಗೆ ಸುತ್ತಿಹಾಕುತ್ತದೆ, ಸಿಗರೇಟು ಬಾಂಬಾಗುತ್ತದೆ, ಬೂಟಿನಿಂದ ಬೆಂಕಿ ಹೊಮ್ಮಿ ನಾಯಕ ಬೀದಿಯುದ್ದಕ್ಕೂ ಜಾರುತ್ತಾನೆ. ಕಂಗಾಲಾದ ಇಪ್ಪತ್ತು ಪುಂಡರ ನಡುವೆ ಕೋಟು ಹಾಕಿದ ನಡುವಯಸ್ಕನೊಬ್ಬ ಹೀಗೆ ಜಾರಾಡುವ ದೃಶ್ಯದಲ್ಲಿ ಈ ಸರಣಿಯ ತಮಾಷೆಯ ರುಚಿ ಪೂರ್ತಿ ಸಿಗುತ್ತದೆ.

ಎರಡನೆಯ ಮೆಚ್ಚುಗೆ ಕೊನೆಯ ದೃಶ್ಯಕ್ಕೆ. ಅದರ ವಿವರವನ್ನು ಇಲ್ಲಿ ಪೂರ್ತಿ ಬಿಚ್ಚಿಡುವುದು ಸರಿಯಲ್ಲ. ಇಷ್ಟು ಹೇಳಬಹುದು: ಓಕಿನಾವಾದ ಅನಾಥಾಲಯದಲ್ಲಿ ತಾನು ಸಾಕಿದ ಮಕ್ಕಳ ಒಂದು ವಿಡಿಯೊವನ್ನು ಕಿರ್ಯು ಪುಟ್ಟ ಪರದೆಯಲ್ಲಿ ನೋಡುತ್ತಾನೆ, ಮತ್ತು ಹೊಡೆತ ತಿಂದಾಗಲೂ ಮುಖ ಕದಲಿಸದಿದ್ದ ಮನುಷ್ಯ ಒಡೆದುಹೋಗುತ್ತಾನೆ. ಜಪಾನಿ ಧ್ವನಿ ಕೊಟ್ಟಿರುವ ತಾಕಾಯಾ ಕುರೋಡಾ ಅಲ್ಲಿ ಮಾತಿಗಿಂತ ಉಸಿರನ್ನೇ ಹೆಚ್ಚು ಬಳಸಿದ್ದಾರೆ. ಹತ್ತಕ್ಕೂ ಹೆಚ್ಚು ವರ್ಷಗಳಿಂದ ಈ ಪಾತ್ರದೊಂದಿಗಿದ್ದವರು ಆ ದೃಶ್ಯಕ್ಕಾಗಿಯೇ ಇಡೀ ಆಟವನ್ನು ಕ್ಷಮಿಸಿದರು.

ಕ್ಷಮಿಸಬೇಕಾದದ್ದು ಏನಿತ್ತು? ಆರಂಭದ ಅಧ್ಯಾಯಗಳಲ್ಲಿ ಅಕಾಮೆ ಎಂಬಾಕೆ ಪರಿಚಯವಾಗುತ್ತಾಳೆ. ಊರಿನ ಸುದ್ದಿಯೆಲ್ಲ ಅವಳ ಜಾಲದ ಮೂಲಕ ಬರುತ್ತದೆ. ಆ ಜಾಲ ಬೆಳೆಯಬೇಕಾದರೆ ಬೀದಿಯಲ್ಲಿ ಕಂಡವರಿಗೆ ಚಿಕ್ಕಪುಟ್ಟ ಸಹಾಯ ಮಾಡಿ ಅಂಕ ಕೂಡಿಸಬೇಕು. ಬೇಕೆನಿಸಿದರೆ ಮಾಡು, ಇಲ್ಲವಾದರೆ ಬಿಡು ಎಂದಿದ್ದರೆ ತಕರಾರು ಇರುತ್ತಿರಲಿಲ್ಲ. ಕಥೆ ಒಂದು ಹಂತದಲ್ಲಿ ನಿಂತು, ಜಾಲ ಇಷ್ಟು ಬೆಳೆಯುವವರೆಗೆ ಮುಂದೆ ಬಿಡುವುದಿಲ್ಲ ಎನ್ನುತ್ತದೆ. ಬಾಯಾರಿದವನಿಗೆ ನೀರಿನ ಬಾಟಲಿ ಕೊಡು, ಕಳೆದ ವಸ್ತು ಹುಡುಕು ಎಂಬಂಥ ಕೆಲಸಗಳಲ್ಲಿ ಒಂದೆರಡು ತಾಸು ಹೋಗುತ್ತದೆ. 12 ಗಂಟೆಯ ಆಟದಲ್ಲಿ ಎರಡು ತಾಸು ಎಳೆದದ್ದು 50 ಗಂಟೆಯ ಆಟದಲ್ಲಿ ಎರಡು ತಾಸು ಎಳೆದಂತಲ್ಲ.

ಗಂಟೆಗೆ ಎಷ್ಟು ರೂಪಾಯಿ

ಬೆಲೆಯ ತಕರಾರು ನಿಂತಿರುವುದು ಸರಳ ಭಾಗಾಕಾರದ ಮೇಲೆ. 2023ರ ಕೊನೆಯ ವಿನಿಮಯ ದರದಲ್ಲಿ 50 ಡಾಲರ್ ಎಂದರೆ 4,150 ರೂಪಾಯಿಯ ಆಸುಪಾಸು. 12 ಗಂಟೆಗೆ ಹಂಚಿದರೆ ತಾಸಿಗೆ ಸುಮಾರು 350 ರೂಪಾಯಿ. ಎರಡೂವರೆ ತಿಂಗಳ ನಂತರ ಬಂದ ‘ಇನ್ಫಿನಿಟ್ ವೆಲ್ತ್’ 70 ಡಾಲರಿನದು; ಅದರ ಮುಖ್ಯ ಕಥೆಯೇ 50 ಗಂಟೆಯ ಹತ್ತಿರ ಹೋಗುವುದರಿಂದ ತಾಸಿಗೆ 120 ರೂಪಾಯಿಯೂ ಬೀಳುವುದಿಲ್ಲ. ಭಾರತದ ಮಾರಾಟ ಬೆಲೆ ಡಾಲರಿನ ನೇರ ಪರಿವರ್ತನೆ ಆಗಿರಲೇಬೇಕೆಂದಿಲ್ಲವಾದರೂ, ಎರಡರ ನಡುವಿನ ಅನುಪಾತ ಹೆಚ್ಚು ಬದಲಾಗದು. ಈ ಲೆಕ್ಕ ಹಾಕಿದವರಿಗೆ ಚಿಕ್ಕ ಆಟ ಮೂರು ಪಟ್ಟು ದುಬಾರಿ.

ಇದಕ್ಕೆ ಎದುರಾದ ವಾದವೂ ಅಷ್ಟೇ ಗಟ್ಟಿ. ದಿನಕ್ಕೆ ಒಂದೂವರೆ ತಾಸು ಬಿಡುವಿರುವವನಿಗೆ 50 ಗಂಟೆಯ ಆಟ ಮುಗಿಯಲು ತಿಂಗಳ ಮೇಲೆ ಬೇಕು. ಅಷ್ಟರಲ್ಲಿ ಆರಂಭದ ಪಾತ್ರಗಳ ಹೆಸರು ಮರೆತಿರುತ್ತದೆ. ಕೊಂಡ ದೊಡ್ಡ ಆಟಗಳು ಅರ್ಧಕ್ಕೇ ನಿಂತಿರುವುದು ಎಷ್ಟೋ ಆಟಗಾರರ ಸಂಗ್ರಹದಲ್ಲಿ ಕಾಣುತ್ತದೆ. ಮುಗಿಸದ ಆಟಕ್ಕೆ ತಾಸಿನ ಲೆಕ್ಕ ಹಾಕುವುದಾದರೂ ಹೇಗೆ?

ಈ ಎರಡು ವಾದಗಳ ನಡುವೆ ಆಟಗಾರರು ಗಮನಿಸದ ಒಂದು ಕಾರಣ ಸರಪಳಿ ಇದೆ. ಚಿಕ್ಕದಾಯಿತು ಎಂಬ ದೂರನ್ನು ಮೊದಲೇ ಊಹಿಸಿದ ನಿರ್ಮಾಪಕರು ಗಂಟೆ ಹೆಚ್ಚಿಸುವ ದಾರಿ ಹುಡುಕುತ್ತಾರೆ. ಹೊಸ ಕಥೆ ಬರೆದು ಹೆಚ್ಚಿಸುವುದು ದುಬಾರಿ. ಇರುವ ಬೀದಿಯಲ್ಲೇ ಚಿಲ್ಲರೆ ಕೆಲಸ ಹಂಚಿ ಹೆಚ್ಚಿಸುವುದು ಅಗ್ಗ. ಅಕಾಮೆಯ ಜಾಲ ಕಡ್ಡಾಯವಾದದ್ದನ್ನು ಹೀಗಲ್ಲದೆ ಬೇರೆ ರೀತಿಯಲ್ಲಿ ವಿವರಿಸುವುದು ಕಷ್ಟ. ಹಾಗಾಗಿ ಚಿಕ್ಕದು ಎಂದು ಬೈದವರೂ ಎಳೆದರು ಎಂದು ಬೈದವರೂ ಒಬ್ಬರ ದೂರನ್ನು ಇನ್ನೊಬ್ಬರು ಹುಟ್ಟಿಸುತ್ತಿದ್ದಾರೆ. ತಾಸಿನ ಅಳತೆಗೋಲನ್ನು ಬಿಡದ ಹೊರತು ಈ ಎಳೆತ ನಿಲ್ಲುವುದಿಲ್ಲ.

ಅಪರಾಧ ಕಥೆಯ ಇತರ ಸರಣಿಗಳೂ ಈ ಬೆಲೆಯ ಸಮಸ್ಯೆಯನ್ನು ಎದುರಿಸಿವೆ. ರಾಕ್‌ಸ್ಟಾರ್ ಕಂಪನಿ 2009ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ 4’ಕ್ಕೆ ಎರಡು ಉಪಕಥೆಗಳನ್ನು ತಂದಾಗ ಪ್ರತಿಯೊಂದಕ್ಕೂ ಇಟ್ಟ ಬೆಲೆ 20 ಡಾಲರ್. ಆ ಉಪಕಥೆಗಳ ಹಿಂದೆ ಮೈಕ್ರೊಸಾಫ್ಟಿನ ಹಣವಿತ್ತು: ತನ್ನ ಎಕ್ಸ್‌ಬಾಕ್ಸ್ 360 ಯಂತ್ರದಲ್ಲಿ ಮೊದಲು ಬರಲೆಂದು ಅದು ಎರಡೂ ಕಥೆಗಳಿಗೆ ಸೇರಿ 5 ಕೋಟಿ ಡಾಲರ್ ಕೊಟ್ಟಿತ್ತು. 2025ರ ಆಗಸ್ಟ್ 8ರಂದು ಬಂದ ‘ಮಾಫಿಯಾ: ದ ಓಲ್ಡ್ ಕಂಟ್ರಿ’ ಉಪಕಥೆಯಲ್ಲ, ಸರಣಿಯ ಪೂರ್ವಕಥೆ; ಆದರೂ ಅದು ನೇರ ದಾರಿಯ ಚಿಕ್ಕ ಕಥೆ ಎಂದೇ ಮುಂಚಿತವಾಗಿ ಸಾರಿ 50 ಡಾಲರಿಗೆ ಬಂತು. ಹಿಂದಿನ ಶತಮಾನದ ಆರಂಭದ ಸಿಸಿಲಿಯನ್ನು ತೋರಿಸುವ ಆ ಆಟದಲ್ಲಿ ಪಾತ್ರಗಳು ಇಂದಿನ ಇಟಾಲಿಯನ್ನಿನ ಬದಲು ಸಿಸಿಲಿಯ ಮಾತನ್ನೇ ಆಡುವ ವ್ಯವಸ್ಥೆಯಿದೆ. ಮನೆಮಾತಿಗೂ ಪುಸ್ತಕದ ಭಾಷೆಗೂ ದೂರವಿರುವ ಮಲೆನಾಡಿನವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ, ಮತ್ತು ಇಂಥದ್ದು ತಾಸಿನ ಲೆಕ್ಕದಲ್ಲಿ ಎಲ್ಲೂ ಕಾಣಿಸುವುದೂ ಇಲ್ಲ.

‘ಆಟ’ಕ್ಕೆ ಕಾಲಮಿತಿ ಬಂದಾಗ

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ‘ಆಟ’ ಎಂದರೆ ಇಂದಿಗೂ ಹಲವರಿಗೆ ಯಕ್ಷಗಾನವೇ. ಅಲ್ಲಿ ಈ ಚರ್ಚೆ ಹಳೆಯದು. ರಾತ್ರಿ ಶುರುವಾಗಿ ಬೆಳಗಿನ ಜಾವಕ್ಕೆ ಮಂಗಳವಾಗುತ್ತಿದ್ದ ಆಟಗಳು ಮೂರು ನಾಲ್ಕು ತಾಸಿನ ಕಾಲಮಿತಿ ಪ್ರಯೋಗಗಳಾದವು. ನಿದ್ದೆಗೆಟ್ಟು ಮಾರನೆಯ ದಿನ ಕೆಲಸಕ್ಕೆ ಹೋಗಲಾರದ ಪ್ರೇಕ್ಷಕರು ಒಂದು ಕಾರಣ, ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧ ಹಾಕಿದ 2000ದ ಶಬ್ದಮಾಲಿನ್ಯ ನಿಯಮಗಳು ಇನ್ನೊಂದು. ಸಮಯ ಕಡಿತವಾದಾಗ ಮೊದಲು ಹೋದದ್ದು ಪೂರ್ವರಂಗ. ಕೋಡಂಗಿ, ಬಾಲಗೋಪಾಲರ ಕುಣಿತಕ್ಕೆ ಜಾಗವಿಲ್ಲದಾಯಿತು, ಒಡ್ಡೋಲಗ ಗಿಡ್ಡವಾಯಿತು. ಹಿರಿಯರು ಗೊಣಗಿದರು. ಆದರೂ ಕಾಲಮಿತಿ ಆಟ ನಡೆಯುತ್ತದೆ, ಜನ ಸೇರುತ್ತಾರೆ. ಏಕೆಂದರೆ ಕರ್ಣ ಯಾರು, ಕುಂತಿಗೂ ಅವನಿಗೂ ಏನು ಸಂಬಂಧ ಎಂದು ಪ್ರೇಕ್ಷಕನಿಗೆ ಮೊದಲೇ ಗೊತ್ತು. ಕರ್ಣನ ಕೊನೆಯ ದಿನವನ್ನಷ್ಟೇ ಆಡಿದರೂ ಅವನ ಇಡೀ ಬದುಕು ರಂಗದ ಹಿಂದೆ ನಿಂತಿರುತ್ತದೆ. ಮಳೆಗಾಲದಲ್ಲಿ ವೇಷವೂ ಇಲ್ಲದೆ ಮನೆ ಜಗುಲಿಯಲ್ಲಿ ಕೂತು ಒಂದೇ ಸಂದರ್ಭವನ್ನು ಮಾತಿನಲ್ಲಿ ಬೆಳೆಸುವ ತಾಳಮದ್ದಲೆ ನಿಂತಿರುವುದೂ ಇದೇ ಆಧಾರದ ಮೇಲೆ.

ಗೈಡೆನ್ ಆಟದ ಬಗ್ಗೆ ಒಂದೇ ಬಾಯಿಂದ ಎರಡು ಮಾತು ಬರುವುದೇಕೆ ಎಂಬುದಕ್ಕೆ ಇಲ್ಲಿ ಉತ್ತರವಿದೆ. ಕೇಳುಗನ ಬಳಿ ಹಿಂದಿನ ಕಥೆಯ ಬಂಡವಾಳವಿದ್ದರೆ ಚಿಕ್ಕದು ದೊಡ್ಡದಾಗುತ್ತದೆ. ಇಲ್ಲದಿದ್ದರೆ ಚಿಕ್ಕದು ಚಿಕ್ಕದಾಗಿಯೇ ಉಳಿಯುತ್ತದೆ. ಕೊನೆಯ ದೃಶ್ಯದಲ್ಲಿ ಅಳುವ ಕಿರ್ಯು, ಆ ಮಕ್ಕಳು ಪುಟ್ಟವರಿದ್ದಾಗಿನಿಂದ ನೋಡಿದವನಿಗೆ ಬೇರೆ, ಅಂದೇ ಮೊದಲು ನೋಡಿದವನಿಗೆ ಬೇರೆ. ಎರಡನೆಯವನ ದೂರು ತಪ್ಪೇನಲ್ಲ. ಅವನಿಗೆ ಸಿಕ್ಕದ್ದು ನಿಜಕ್ಕೂ 12 ಗಂಟೆ ಮಾತ್ರ. ಹೋಲಿಕೆ ಒಂದು ಕಡೆ ಮುರಿಯುತ್ತದೆ ಎಂಬುದನ್ನೂ ಹೇಳಬೇಕು: ಕರ್ಣನ ಕಥೆ ಅಜ್ಜಿಯ ಬಾಯಿಂದ ಬಿಟ್ಟಿ ಸಿಗುತ್ತದೆ, ಕಿರ್ಯುವಿನ ಹಿಂದಿನ ಕಥೆಗೆ ಪ್ರತಿ ಕಂತಿಗೂ ದುಡ್ಡು ಕೊಡಬೇಕು.

ಮಳೆ, ಕರೆಂಟು, ಡೌನ್‌ಲೋಡ್

ಮಲೆನಾಡಿನಲ್ಲಿ ಆಟದ ಉದ್ದಕ್ಕೆ ಇನ್ನೊಂದು ಅರ್ಥವಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಗೆ ಮರ ಬಿದ್ದು ಕರೆಂಟು ಹೋಗುವುದು, ಕಂಬದ ಮೇಲಿನ ಫೈಬರ್ ತಂತಿ ತುಂಡಾಗುವುದು ಆಗುಂಬೆಯ ಸುತ್ತಿನ ಊರುಗಳಿಗೆ ಹೊಸತಲ್ಲ. ಹತ್ತಾರು ಜಿಬಿಯ ಆಟವನ್ನು ಮೊಬೈಲಿನ ದಿನದ ಡೇಟಾದಲ್ಲಿ ಇಳಿಸಿಕೊಳ್ಳುವುದೆಂದರೆ ವಾರಗಟ್ಟಲೆಯ ಕೆಲಸ. ಶಿವಮೊಗ್ಗಕ್ಕೆ ಬಂದಾಗ ಗೆಳೆಯರ ಕೋಣೆಯಲ್ಲಿ ಇಳಿಸಿಕೊಂಡು ಲ್ಯಾಪ್‌ಟಾಪ್ ಹೊತ್ತು ಊರಿಗೆ ಮರಳುವ ರೂಢಿ ಹುಟ್ಟಿದ್ದು ಇದರಿಂದಲೇ. ಈ ಸರಣಿಯ ಸಂಭಾಷಣಾ ದೃಶ್ಯಗಳು ದೀರ್ಘ, ಮತ್ತು ದೃಶ್ಯ ನಡೆಯುತ್ತಿರುವಾಗ ಆಟವನ್ನು ಸೇವ್ ಮಾಡಲು ಬಾರದು. ಯುಪಿಎಸ್ ಇಲ್ಲದ ಮನೆಯಲ್ಲಿ ಅಂಥ ದೃಶ್ಯದ ಮಧ್ಯೆ ಕರೆಂಟು ಹೋದರೆ, ಬಂದ ಮೇಲೆ ಹಿಂದಿನ ಹೊಡೆದಾಟದಿಂದ ಶುರು. ಐದೇ ಅಧ್ಯಾಯದ ಆಟ ಇಂಥ ಕಡೆ ಮಳೆಗಾಲ ಮುಗಿಯುವುದರೊಳಗೆ ಮುಗಿಯುತ್ತದೆ ಎಂಬುದು ನಗೆಯ ಮಾತಾದರೂ ಸುಳ್ಳಲ್ಲ.

ಡಿಸ್ಕಿನ ವಿಷಯವೂ ಸೇರುತ್ತದೆ. ಗೈಡೆನ್ ಡಿಸ್ಕಿನಲ್ಲಿ ಬಂದದ್ದು ಜಪಾನ್ ಮತ್ತು ಏಷ್ಯಾದ ಕೆಲವೆಡೆ. ಪಶ್ಚಿಮದ ಮಾರುಕಟ್ಟೆಗಳಲ್ಲಿ ಅದು ಡೌನ್‌ಲೋಡಿಗಷ್ಟೇ ಸಿಕ್ಕಿತು. ಡೌನ್‌ಲೋಡಾಗಿ ಕೊಂಡ ಆಟವನ್ನು ಮುಗಿಸಿ ಮಾರುವಂತಿಲ್ಲ, ಗೆಳೆಯನಿಗೆ ಕೊಡುವಂತಿಲ್ಲ. ವಾರಾಂತ್ಯದಲ್ಲಿ ಮುಗಿಯುವ ಆಟ ಮರುಮಾರಾಟದ ಪೇಟೆಗೆ ಬೇಗ ಬರುತ್ತದೆ ಎಂಬ ಹೆದರಿಕೆ ಕಂಪನಿಗೆ ಇಲ್ಲವಾಯಿತು, ಆದರೆ ಆ ನಷ್ಟ ಕೊಂಡವನ ತಲೆಗೆ ಬಂತು. ಇದನ್ನು ಸ್ವಲ್ಪ ಸರಿದೂಗಿಸಿದ್ದು ಚಂದಾ ವ್ಯವಸ್ಥೆ. ಬಿಡುಗಡೆಯ ದಿನವೇ ಗೈಡೆನ್ ಎಕ್ಸ್‌ಬಾಕ್ಸ್ ಗೇಮ್ ಪಾಸ್‌ನಲ್ಲಿ ಸಿಕ್ಕಿತು. ಒಂದು ತಿಂಗಳ ಚಂದಾ ಕಟ್ಟಿದವನು ಆ ಅವಧಿಯಲ್ಲೇ ಮುಗಿಸಬಹುದಾಗಿತ್ತು. ಹಾಗೆ ಆಡಿದವರ ಅಭಿಪ್ರಾಯದಲ್ಲಿ ಬೆಲೆಯ ಸಿಟ್ಟು ಕಡಿಮೆ ಕಾಣುವುದು ಸಹಜ.

ಮುಂದೇನಾಗುತ್ತದೆ

ಗೈಡೆನ್ ಕಲಿಸಿದ ಪಾಠವನ್ನು ಕಂಪನಿ ಬೇಗ ಕಲಿತಿತು. 2025ರ ಫೆಬ್ರವರಿ 21ರಂದು ‘ಪೈರೇಟ್ ಯಾಕುಜಾ ಇನ್ ಹವಾಯಿ’ ಬಂತು. ಸರಣಿಯ ಹಳೆಯ ಪಾತ್ರ ಗೋರೊ ಮಜಿಮಾ ನೆನಪು ಕಳೆದುಕೊಂಡು ಕಡಲ್ಗಳ್ಳನಾಗುವ ಕಥೆ ಅದು. ಹವಾಯಿಯ ಊರು ‘ಇನ್ಫಿನಿಟ್ ವೆಲ್ತ್’ಗಾಗಿ ಕಟ್ಟಿದ್ದೇ, ಹೊಸದಾಗಿ ಸೇರಿದ್ದು ಹಡಗುಗಳು ಮತ್ತು ಸಮುದ್ರದ ಕಾಳಗ. ಗಾತ್ರ ಗೈಡೆನ್‌ಗಿಂತ ಹಿಗ್ಗಿತು, ಬೆಲೆಯೂ 10 ಡಾಲರ್ ಏರಿತು. ನೆನಪಿಲ್ಲದ ನಾಯಕ ಎಂಬ ಉಪಾಯ ಹೊಸಬರಿಗೂ ಅನುಕೂಲ. ಅವನಿಗೇ ಏನೂ ಗೊತ್ತಿಲ್ಲದಿರುವಾಗ ಆಟಗಾರನಿಗೆ ಹಿಂದಿನ ಕಥೆ ಗೊತ್ತಿರಬೇಕಿಲ್ಲ. ಬಂಡವಾಳವಿಲ್ಲದವರ ದೂರಿಗೆ ಇದು ಒಳ್ಳೆಯ ಉತ್ತರವೇ, ಆದರೆ ಗೈಡೆನ್‌ನ ಕೊನೆಯ ದೃಶ್ಯದ ತೂಕ ಇಂಥ ಕಥೆಗೆ ಬರುವುದು ಕಷ್ಟ.

ಹೆಚ್ಚು ಚಿಂತಿಸಬೇಕಾದ ಪರಿಣಾಮ ಬೇರೆಯಿದೆ. ‘ಇನ್ಫಿನಿಟ್ ವೆಲ್ತ್’ನಲ್ಲಿ ಕಿರ್ಯು ಯಾರ ಆದೇಶದ ಮೇಲೆ ಹವಾಯಿಗೆ ಬಂದ, ದೈದೋಜಿ ಎಂದರೇನು ಎಂಬುದು ಗೈಡೆನ್ ಆಡಿದವರಿಗೆ ಮಾತ್ರ ಸಲೀಸು. ಆಡದವರಿಗೆ ಕಥೆ ಅರ್ಥವಾಗದೆ ಹೋಗುವುದಿಲ್ಲ, ಆದರೆ ನಡುವೆ ಒಂದು ಕಂತು ತಪ್ಪಿದಂತೆ ಅನಿಸುತ್ತದೆ. ಹೀಗೆ ಉಪಕಥೆ ಉಪಕಥೆಯಾಗಿ ಉಳಿಯದೆ ಕಡ್ಡಾಯ ಪಾಠವಾದರೆ, ಚಿಕ್ಕ ಆಟದ ಬೆಲೆ ದೊಡ್ಡ ಆಟದ ಬೆಲೆಗೇ ಸೇರಿದಂತೆ. ಅದೇ ‘ಇನ್ಫಿನಿಟ್ ವೆಲ್ತ್’ನಲ್ಲಿ, ಒಮ್ಮೆ ಮುಗಿಸಿದ ಆಟವನ್ನು ಗಳಿಸಿದ ಬಲದೊಂದಿಗೆ ಮತ್ತೆ ಆಡುವ ಸೌಲಭ್ಯವನ್ನು ದುಬಾರಿ ಆವೃತ್ತಿಗಳಿಗೆ ಮಾತ್ರ ಇಟ್ಟದ್ದರಿಂದ ಆಟಗಾರರು ಕೆರಳಿದ್ದರು. ಕತ್ತರಿಸಿ ಬೇರೆಯಾಗಿ ಮಾರುವ ಚಾಳಿಯ ಬಗ್ಗೆ ಅವರ ಅನುಮಾನಕ್ಕೆ ಆಧಾರವಿದೆ.

ಮಿನೆಯ ಕಥೆ ಹೇಳುವ ಡಾರ್ಕ್ ಟೈಸ್ ಈ ಅನುಮಾನವನ್ನು ಬೇರೆ ದಾರಿಯಿಂದ ದಾಟುತ್ತದೆ. ಮಿನೆ ಯಾರೆಂದು ತಿಳಿಯಲು ಬೇಕಾದ ಮೂರನೆಯ ಕಂತು ಅದೇ ಪೊಟ್ಟಣದಲ್ಲಿದೆ, ಆದ್ದರಿಂದ ಹೊಸಬನಿಗೂ ಬಂಡವಾಳ ಜೊತೆಯಲ್ಲೇ ಸಿಕ್ಕಂತಾಯಿತು. ತೊಂದರೆ ಹಳಬನಿಗೆ. 2021ರ ಜನವರಿಯಲ್ಲಿ ಪಿಸಿಗೆ ಬಂದ ಮೂರನೆಯ ಕಂತಿನ ಸುಧಾರಿತ ಆವೃತ್ತಿಯನ್ನು ಕೊಂಡು ಮುಗಿಸಿದವನು ಮಿನೆಯ ಕಥೆಯನ್ನಷ್ಟೇ ಬಯಸಿದರೂ ಇಡೀ ಪೊಟ್ಟಣಕ್ಕೆ ದುಡ್ಡು ತೆರಬೇಕು. ತಾಸಿಗೆ ಎಷ್ಟು ಬಿತ್ತು ಎಂದು ಅವನು ಲೆಕ್ಕ ಹಾಕಲು ಕೂತರೆ, ಭಾಗಿಸಲು ಚಿಕ್ಕ ಆಟಕ್ಕೆಂದು ಬೇರೆ ಬೆಲೆಯೇ ಇಲ್ಲ.